ಇಕ್ಕಳದ ಹುಳನ ಸಾಯ್ಸೋ ಮುಂಚೆ ಒಂದು ರಾತ್ರಿ ಟಾರ್ಚ್ ಹಿಡೀರಿ

ಭಾಗ 1/10
ಫೋಟೋ: ನಮ್ಮ ತಾರಸಿ, ತಣಿಸಂದ್ರ. ಬೆಳಗ್ಗೆ ಆರೂವರೆ. ಪಾಟ್ ಎತ್ತಿದ ತಕ್ಷಣ ಓಡ್ತಿರೋ ಕಂದು ಹುಳ.

ಹೋದ ವಾರ ಚೆಂಡುಹೂವಿನ ಸ್ಟೋರಿ ಹಾಕಿದ್ದೆ ಅಲ್ವಾ, ಅದಕ್ಕೆ ಬಂದ ಮೆಸೇಜ್‌ಗಳಲ್ಲಿ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ. "ಬಾಲದಲ್ಲಿ ಇಕ್ಕಳ ಇರೋ ಹುಳ ನಮ್ಮನೆ ಪಾಟ್ ಕೆಳಗೂ ಇದೆ. ಕೆಮಿಕಲ್ ಬೇಡ. ಆರ್ಗ್ಯಾನಿಕ್ ಆಗಿ ಸಾಯ್ಸೋದು ಹೇಗೆ?" ನಿನ್ನೆ ಲ್ಯಾಬ್ ಮುಗಿಸಿ ಬರುವಾಗ ಕ್ಲಾಸಿನ ಇಬ್ಬರು ಅದನ್ನೇ ಕೇಳಿದ್ರು. ಅದಕ್ಕೇ ಈ ಸರಣಿ.

ಇಂಗ್ಲಿಷ್‌ನಲ್ಲಿ ಇದಕ್ಕೆ ಇಯರ್‌ವಿಗ್ ಅಂತಾರೆ. ನಮ್ಮನೇಲಿ ಇಕ್ಕಳದ ಹುಳ. ನಾನೂ ಹಾಗೇ ಕರೀತೀನಿ.

ವಿಧಾನ ಬೇಕಾದವರಿಗೆ ವಿಧಾನ ಇದೆ, ಪೇಪರ್ ಸುರುಳಿ, ಎಣ್ಣೆ ಚಿಪ್ಪು ಎಲ್ಲಾ 7ನೇ ಭಾಗದಲ್ಲಿ ಹೇಳಿದ್ದೀನಿ. ಆದ್ರೆ ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಮಾಡ್ದೆ ಅನ್ನಬೇಡಿ. ಎಷ್ಟೋ ಸಲ ಈ ಹುಳನ ಸಾಯಿಸೋ ಅಗತ್ಯವೇ ಇರಲ್ಲ. ಸಸಿ ಸಣ್ಣದಿರುವ ಎರಡು ಮೂರು ವಾರ ಅದನ್ನ ದೂರ ಇಟ್ಟರೆ ಸಾಕು. ಉಳಿದ ಕಾಲದಲ್ಲಿ ಅದು ನಮ್ಮ ಕಡೆಯ ಕೆಲಸವನ್ನೇ ಹೆಚ್ಚು ಮಾಡುತ್ತೆ. ನನ್ನ ಪ್ರಕಾರ ಆರ್ಗ್ಯಾನಿಕ್ ತೋಟ ಶುರುವಾಗೋದು ಕಣ್ಣಿಂದ. ಸ್ಪ್ರೇ ಬಾಟಲಿ ಎಲ್ಲಕ್ಕಿಂತ ಕೊನೆಗೆ ಬರಬೇಕು.

ಇದನ್ನ ನಾನು ಬುದ್ಧಿವಂತನಾಗಿ ಕಂಡುಕೊಂಡಿದ್ದಲ್ಲ. ತಪ್ಪು ಮಾಡಿ ಕಲ್ತೆ. ಆ ತಪ್ಪಿಗೆ ನಮ್ಮಜ್ಜಿ ಎರಡು ತಿಂಗಳು ನೋಡ್ಕೊಂಡಿದ್ದ ದಂಟಿನ ಸೊಪ್ಪು ಪೂರ್ತಿ ಕಸಕ್ಕೆ ಹೋಯ್ತು. ಅಲ್ಲಿಂದಲೇ ಶುರು ಮಾಡ್ತೀನಿ.

ಭಾಗ 2/10
ಫೋಟೋ: ಹೋದ ವರ್ಷದ ಸಸಿ ಟ್ರೇ. ಎಡಗಡೆ ಸೋಮವಾರದ್ದು, ಬಲಗಡೆ ಗುರುವಾರದ್ದು. ವ್ಯತ್ಯಾಸ ನೀವೇ ನೋಡಿ.

ತಣಿಸಂದ್ರ ಅಂದ್ರೆ ನಿಮಗೆಲ್ಲ ಮುಖ್ಯರಸ್ತೆ ಟ್ರಾಫಿಕ್, ನಾಗವಾರದ ಟೆಕ್ ಪಾರ್ಕ್, ಸಾಲು ಸಾಲು ಅಪಾರ್ಟ್‌ಮೆಂಟ್ ನೆನಪಾಗುತ್ತೆ. ಅಜ್ಜಿಗೆ ಮಾತ್ರ ಇದು ಇನ್ನೂ ಊರು. ರಾಚೇನಹಳ್ಳಿ ಕೆರೆ ಕಡೆ ರಾಗಿ ಹೊಲ, ಅವರೆ ಸಾಲು ನೋಡಿದವರು ಅವರು. ಈಗ ಅವರ ಹೊಲ ಅಂದ್ರೆ ನಮ್ಮ ತಾರಸಿ ಮೇಲಿನ ಇಪ್ಪತ್ತೆರಡು ಗ್ರೋ ಬ್ಯಾಗ್. ದಂಟು, ಮೆಂತ್ಯ, ಬಸಳೆ, ಎರಡು ಬ್ಯಾಗ್ ಅವರೆ, ಒಂದು ಕರಿಬೇವು. ಮೊಣಕಾಲು ನೋವಿದ್ರೂ ದಿನಾ ಸಂಜೆ ಮೇಲೆ ಹತ್ತಿ ಬರ್ತಾರೆ.

ಹೋದ ವರ್ಷ ಜುಲೈ ಕೊನೆಗೆ ನಾನು ಆಯುಧಪೂಜೆಗೆ ಅಂತ ಚೆಂಡುಹೂವು ಹಾಕಿದೆ. ಹಬ್ಬದ ಮುಂಚಿನ ದಿನ ಮಾರ್ಕೆಟ್‌ನಲ್ಲಿ ಮಾರು ಲೆಕ್ಕದಲ್ಲಿ ದುಡ್ಡು ಕೊಡೋ ಬದಲು ಮನೆ ಹೂವಲ್ಲೇ ಗಾಡಿಗೆ ಹಾರ ಹಾಕ್ಬೇಕು ಅನ್ನೋ ಆಸೆ. ಸಸಿ ಚೆನ್ನಾಗಿ ಎದ್ದವು. ನಾಲ್ಕು ಎಲೆ ಬಂದ ಮೇಲೆ ಬ್ಯಾಗಿಗೆ ಇಟ್ಟೆ. ಮೂರೇ ದಿನ. ಬೆಳಗ್ಗೆ ಹೋಗಿ ನೋಡಿದ್ರೆ ಅರ್ಧ ಸಸಿಗೆ ತಲೆಯೇ ಇಲ್ಲ, ಇನ್ನರ್ಧಕ್ಕೆ ಎಲೆ ತುಂಬ ತೂತು.

ಸಿಟ್ಟಲ್ಲಿ ಬ್ಯಾಗ್ ಎತ್ತಿದೆ. ಕೆಳಗೆ ಒದ್ದೆ ನೆಲದ ಮೇಲೆ ಐದಾರು ಇಕ್ಕಳದ ಹುಳ ದಿಕ್ಕಾಪಾಲಾಗಿ ಓಡಿದವು. ನೋಡೋಕೆ ವಿಲನ್ ಥರಾನೇ ಇದಾವೆ. ಹೊಳೆಯೋ ಮೈ, ಬಾಲದಲ್ಲಿ ಆಯುಧ. ಕೇಸ್ ಕ್ಲೋಸ್ ಅಂದ್ಕೊಂಡೆ. ಫೋಟೋ ತೆಗೆದೆ, ಕ್ಲಾಸ್ ಗ್ರೂಪಿಗೆ ಹಾಕ್ದೆ, "ಸಿಕ್ಕಿಬಿದ್ದ ಕಳ್ಳ" ಅಂತ ಬರೆದೆ. ನೀವೂ ಸುಮಾರು ಜನ ನಕ್ಕಿದ್ರಿ.

ಸಸಿ ತಿನ್ನೋದನ್ನ ನಾನು ನೋಡಿರಲಿಲ್ಲ. ಪಾಟ್ ಕೆಳಗೆ ಮಲಗಿದ್ದನ್ನ ಮಾತ್ರ ನೋಡಿದ್ದೆ. ಆ ವ್ಯತ್ಯಾಸ ಆವತ್ತು ತಲೆಗೆ ಹೋಗಲಿಲ್ಲ.

ಭಾಗ 3/10
ಫೋಟೋ: ಖಾಲಿ ಆದ ಎರಡು ದಂಟಿನ ಬ್ಯಾಗ್. ಆವತ್ತು ತೆಗೆದಿದ್ದು, ಇಲ್ಲಿವರೆಗೂ ಪೋಸ್ಟ್ ಮಾಡಿರಲಿಲ್ಲ.

ಅದೇ ದಿನ ಸಂಜೆ ಒಂದು ನರ್ಸರಿಗೆ ಹೋದೆ. ಹೆಸರು ಬೇಡ. ಫೋಟೋ ತೋರಿಸಿದೆ. ಅಲ್ಲಿದ್ದವರು ಒಳಗಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತಂದು ಕೊಟ್ಟರು. ಮರಳಿನಂಥ ಹರಳು. ಲೇಬಲ್ ಇಲ್ಲ, ಹೆಸರಿಲ್ಲ. "ಬ್ಯಾಗಿಗೆ ಒಂದು ಚಮಚ, ನೀರು ಬಿಡಿ, ಒಂದು ಹುಳನೂ ಇರಲ್ಲ" ಅಂದ್ರು. ನಾನೂ ಕೇಳಲಿಲ್ಲ. ಮನೇಲಿದ್ದ ಒಂದು ಹಳೇ ಚಮಚದಲ್ಲಿ ಆರು ಚೆಂಡುಹೂವಿನ ಬ್ಯಾಗಿಗೂ ಹಾಕ್ದೆ.

ಒಂದು ಹುಳನೂ ಇರಲಿಲ್ಲ, ಅದು ನಿಜ. ಎರಡು ದಿನಕ್ಕೆ ಇಕ್ಕಳದ ಹುಳ ಸತ್ತು ಬಿದ್ದಿದ್ದವು. ಎರೆಹುಳ ಮೇಲೆ ಬಂದು ಸತ್ತಿದ್ದವು. ಕೆಟ್ಟ ವಾಸನೆ. ಅಜ್ಜಿ ಮೇಲೆ ಬಂದವರು ಬ್ಯಾಗ್‌ನಿಂದ ಬಸಿದ ನೀರು ಹರಿದ ಗೆರೆ ನೋಡಿದ್ರು. ಅದು ನೇರ ಅವರ ದಂಟಿನ ಬ್ಯಾಗ್ ಬುಡಕ್ಕೆ ಹೋಗಿತ್ತು. "ಏನ್ ಹಾಕ್ದೆ?" ಅಂತ ಕೇಳಿದ್ರು. ನನಗೆ ಗೊತ್ತಿದ್ರೆ ತಾನೇ ಹೇಳೋಕೆ?

ಹರಳಿನ ರೂಪದ ಕೀಟನಾಶಕಗಳಲ್ಲಿ ಕೆಲವು ಬೇರಿನಿಂದ ಒಳಗೆ ಹೋಗಿ ಎಲೆಗೂ ಸೇರುತ್ವೆ. ತೊಳೆದ್ರೆ ಹೋಗಲ್ಲ. ಏನು ಅಂತ ಗೊತ್ತಿಲ್ಲದ್ದಕ್ಕೆ ಎಷ್ಟು ದಿನ ಕಾಯಬೇಕು ಅಂತಾನೂ ಹೇಳೋಕಾಗಲ್ಲ. ಸಾರಿಗೆ ಕೀಳೋಕೆ ಸಿದ್ಧವಾಗಿದ್ದ ದಂಟನ್ನ ಅಜ್ಜಿ ಬೇರು ಸಮೇತ ಕಿತ್ತು ಕವರಿಗೆ ತುಂಬಿದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಇದೊಂದು ನೆನಪಿಟ್ಕೊಳ್ಳಿ. ನಮ್ಮ ದೇಶದಲ್ಲಿ ಕೀಟನಾಶಕದ ಡಬ್ಬಿ ಮೇಲೆ ಬಣ್ಣದ ಗುರುತು ಇರಲೇಬೇಕು. ಕೆಂಪು ಅಂದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಫೋರೇಟ್ ಅನ್ನೋ ಹರಳಿನ ವಿಷ ಕೆಂಪು ಗುಂಪಿನದು. 2018ರ ಸರ್ಕಾರಿ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಅದರ ಬಳಕೆ ನಿಂತಿರಬೇಕು. ಲೇಬಲ್ ಇಲ್ಲದ ಪೊಟ್ಟಣ ಯಾರು ಕೊಟ್ಟರೂ ವಾಪಸ್ ಕೊಡಿ.

ಭಾಗ 4/10
ಫೋಟೋ: ರಾತ್ರಿ 10:40. ಟಾರ್ಚ್ ಬೆಳಕಲ್ಲಿ ಚೆಂಡುಹೂವಿನ ಸಸಿ, ಅದರ ಮೇಲೆ ನಿಜವಾದ ಆರೋಪಿ.

ಆರೂ ಬ್ಯಾಗಿನ ಮಣ್ಣು ತೆಗೆದೆ. ಹೊಸ ಮಣ್ಣು, ಹೊಸ ಕೋಕೋಪೀಟ್, ಹೊಸ ಸಸಿ. ಇಕ್ಕಳದ ಹುಳ ಒಂದೂ ಇಲ್ಲ. ನಾಲ್ಕನೇ ದಿನ ಬೆಳಗ್ಗೆ ನೋಡಿದ್ರೆ ಮತ್ತೆ ಸಸಿಗೆ ತಲೆ ಇಲ್ಲ!

ಆವತ್ತು ಅಜ್ಜಿ ಹೇಳಿದ್ದು ಒಂದೇ ಮಾತು. "ರಾತ್ರಿ ತಿನ್ನೋದನ್ನ ಹಗಲು ಹುಡುಕಿದ್ರೆ ಸಿಗುತ್ತಾ?"

ರಾತ್ರಿ ಊಟ ಆದ್ಮೇಲೆ ಫೋನ್ ಟಾರ್ಚ್ ಹಿಡಿದು ಮೇಲೆ ಹೋದೆ. ಮೊದಲ ಬ್ಯಾಗಲ್ಲೇ ಉಗುರಿನಷ್ಟು ಬಸವನಹುಳ, ಕಾಂಡ ತಬ್ಬಿಕೊಂಡು ಆರಾಮಾಗಿ ತಿಂತಿತ್ತು. ಮುಂದಿನದರಲ್ಲಿ ಎರಡು. ಮಣ್ಣು ಕೆದಕಿದ್ರೆ ಬೂದು ಬಣ್ಣದ ಕಂಬಳಿಯಿಲ್ಲದ ಹುಳ ಒಂದು, ಮುಟ್ಟಿದ ತಕ್ಷಣ ಚಕ್ಕುಲಿ ಥರ ಸುತ್ತಿಕೊಳ್ತು. ಅದು ಕಾಂಡ ಕತ್ತರಿಸೋ ಹುಳ, ಸಸಿಯ ಬುಡದಲ್ಲೇ ಕಡಿಯುತ್ತೆ. ಬಸವನಹುಳ ಎಲ್ಲಿಂದ ಬಂತು ಅಂತ ಹುಡುಕಿದ್ರೆ, ಹೊಸದಾಗಿ ತಂದಿದ್ದ ಗುಲಾಬಿ ಪಾಟ್ ತಳದಲ್ಲಿ ಮನೆ ಮಾಡ್ಕೊಂಡಿದ್ದವು.

ಅವತ್ತಿಂದ ಹಲ್ಲಿನ ಗುರುತು ಓದೋದು ಕಲ್ತೆ. ಬೆಳ್ಳಿ ಗೆರೆ ಥರ ಒಣಗಿದ ಲೋಳೆ ಇದ್ರೆ ಬಸವನಹುಳ. ಸಸಿ ಬುಡದಲ್ಲಿ ಕತ್ತರಿಸಿ ಬಿದ್ದಿದ್ರೆ, ಪಕ್ಕದ ಮಣ್ಣಲ್ಲಿ ಕಾಂಡ ಕತ್ತರಿಸೋ ಹುಳ. ಎಲೆ ಮೇಲೆ ಕರಿ ಹಿಕ್ಕೆ ಇದ್ರೆ ಕಂಬಳಿಹುಳದ ಜಾತಿ. ಲೋಳೆ ಇಲ್ಲ, ಹಿಕ್ಕೆ ಎದ್ದು ಕಾಣಲ್ಲ, ಎಲೆ ಅಂಚು ಮತ್ತು ಹೂವಿನ ದಳ ಚಿಂದಿ ಚಿಂದಿ ಆಗಿದೆ ಅಂದ್ರೆ ಮಾತ್ರ ಇಕ್ಕಳದ ಹುಳದ ಮೇಲೆ ಅನುಮಾನ ಪಡಿ. ಅನುಮಾನ ಅಷ್ಟೇ. ಖಚಿತ ಮಾಡ್ಕೊಳ್ಳೋದು ಟಾರ್ಚ್ ಹಿಡಿದೇ.

ಒಂದು ರಾತ್ರಿ ನಿದ್ದೆ ಹತ್ತು ನಿಮಿಷ ತಡ ಮಾಡಿ. ರೀಲ್ಸ್ ನೋಡೋ ಟೈಮಲ್ಲಿ ಹತ್ತು ನಿಮಿಷ ಅಷ್ಟೇ ನಾನು ಕೇಳ್ತಿರೋದು.

ಭಾಗ 5/10
ಫೋಟೋ: ಇಟ್ಟಿಗೆ ಕೆಳಗೆ ಸಣ್ಣ ಗುಳಿ. ಬೆಳ್ಳಗೆ ಮುತ್ತಿನ ಥರ ಇರೋದು ಮೊಟ್ಟೆ. ಮೇಲೆ ಕೂತಿರೋದು ಅಮ್ಮ.

ಈಗ ಹುಳದ ಪರಿಚಯ. ಡರ್ಮಾಪ್ಟೆರಾ ಅನ್ನೋ ಗಣಕ್ಕೆ ಸೇರಿದ್ದು, ಪ್ರಪಂಚದಲ್ಲಿ ಸುಮಾರು 2,000 ಜಾತಿ. ಕೆಲವಕ್ಕೆ ರೆಕ್ಕೆ ಇದೆ, ಬೀಸಣಿಗೆ ಥರ ಮಡಚಿ ಸಣ್ಣ ಕವಚದ ಕೆಳಗೆ ಇಟ್ಕೊಂಡಿರುತ್ತೆ. ಕಾಲಲ್ಲಿ ಉಂಗುರದ ಪಟ್ಟೆ ಇರೋ ಯುಬೋರೆಲಿಯಾ ಆನ್ಯುಲಿಪಿಸ್ ಅನ್ನೋ ಕರಿ ಜಾತಿಗೆ ರೆಕ್ಕೆಯೇ ಇಲ್ಲ, ಅದು ಮಣ್ಣು ಕಸದಲ್ಲೇ ಓಡಾಡುತ್ತೆ.

ಮೊದಲು ಕಿವಿ ವಿಷಯ ಮುಗಿಸೋಣ. ಇಂಗ್ಲಿಷ್ ಹೆಸರಲ್ಲೇ ಕಿವಿ ಇದೆ. ಜರ್ಮನ್, ಫ್ರೆಂಚ್ ಹೆಸರಲ್ಲೂ ಇದೆ. ಮಲಗಿದವರ ಕಿವಿಯೊಳಗೆ ಹೋಗಿ ಮಿದುಳು ತಿನ್ನುತ್ತೆ ಅಂತ ಯುರೋಪಿನಲ್ಲಿ ಹಳೇ ಕಾಲದ ಕಥೆ. ಅದು ಸುಳ್ಳು. ಇಕ್ಕಳದಲ್ಲಿ ವಿಷ ಇಲ್ಲ. ಕೈಯಲ್ಲಿ ಹಿಡಿದು ಒತ್ತಿದ್ರೆ ಚಿವುಟುತ್ತೆ, ಅಷ್ಟೇ.

ಇದಕ್ಕೆ ಬೇಕಾಗಿರೋದು ಮೂರು. ಕತ್ತಲು, ತೇವ, ಮೈಗೆ ಎರಡೂ ಕಡೆಯಿಂದ ತಾಗೋವಂಥ ಇಕ್ಕಟ್ಟಾದ ಸಂದಿ. ಹಗಲೆಲ್ಲ ಪಾಟ್ ಕೆಳಗೆ ಸಿಗೋದು ಅದಕ್ಕೇ. ಕತ್ತಲಾದ ಮೇಲೆ ಹೊರಗೆ ಬಂದು ಸಿಕ್ಕಿದ್ದೆಲ್ಲ ತಿನ್ನುತ್ತೆ. ಕೊಳೆತ ಎಲೆ, ಸಸ್ಯಹೇನು, ಬೇರೆ ಹುಳಗಳ ಮೊಟ್ಟೆ, ಸಣ್ಣ ಮರಿಹುಳ, ಜೊತೆಗೆ ಎಳೇ ಚಿಗುರು ಮತ್ತು ಹೂವಿನ ದಳ.

ಇನ್ನು ಈ ಫೋಟೋ. ಹೆಣ್ಣು ಹುಳ ಮಣ್ಣಲ್ಲಿ ಗುಳಿ ಮಾಡಿ ಹತ್ತಾರು ಮೊಟ್ಟೆ ಇಡುತ್ತೆ. ಹೆಚ್ಚಿನ ಕೀಟಗಳು ಮೊಟ್ಟೆ ಇಟ್ಟು ಹೋಗಿಬಿಡ್ತವೆ. ಇದು ಹೋಗಲ್ಲ. ಒಂದೊಂದು ಮೊಟ್ಟೆಯನ್ನೂ ಬಾಯಲ್ಲಿ ಎತ್ತಿ ಸ್ವಚ್ಛ ಮಾಡುತ್ತೆ. ಇಲ್ಲದಿದ್ರೆ ಬೂಷ್ಟು ಹಿಡಿಯುತ್ತೆ. ಮರಿ ಆದ್ಮೇಲೂ ಸ್ವಲ್ಪ ದಿನ ಕಾಯುತ್ತೆ. ಇಟ್ಟಿಗೆ ಎತ್ತಿದಾಗ ಈ ಅಮ್ಮ ಓಡಲಿಲ್ಲ, ಇಕ್ಕಳ ನನ್ನ ಕಡೆ ತಿರುಗಿಸಿ ನಿಂತ್ಕೊಂಡ್ಲು. ಇಟ್ಟಿಗೆ ಮೆಲ್ಲಗೆ ವಾಪಸ್ ಇಟ್ಟೆ. ಪಾಪ ಅಂತ ಬಿಟ್ಟಿದ್ದು ಅಂದ್ಕೊಂಡ್ರೆ ಅರ್ಧ ಸರಿ. ಇನ್ನರ್ಧ ಕಾರಣ ಮುಂದಿನ ಭಾಗದಲ್ಲಿ.

ಭಾಗ 6/10
ಫೋಟೋ: ಅವರೆ ಬಳ್ಳಿ ತುದಿ, ಕರಿ ಸಸ್ಯಹೇನು ಮೆತ್ತಿಕೊಂಡಿರೋದು. ಹೋದ ನವೆಂಬರ್.

ನಮ್ಮ ರಾಜ್ಯದ್ದೇ ಉದಾಹರಣೆ. 2018ರಲ್ಲಿ ಅಮೆರಿಕ ಖಂಡದ ಒಂದು ಸೈನಿಕ ಹುಳ, ಫಾಲ್ ಆರ್ಮಿವರ್ಮ್, ಇಂಡಿಯಾಕ್ಕೆ ಬಂತು. ಮೊದಲು ಕಂಡಿದ್ದು ಕರ್ನಾಟಕದಲ್ಲಿ, ಶಿವಮೊಗ್ಗ ಕಡೆಯ ಮೆಕ್ಕೆಜೋಳದಲ್ಲಿ. ಚಿಕ್ಕಬಳ್ಳಾಪುರದಲ್ಲೂ ಸಿಕ್ತು. ಜುಲೈನಲ್ಲಿ ಎಚ್ಚರಿಕೆ ಕೊಟ್ಟಿದ್ದು ನಮ್ಮ ಪಕ್ಕದ ಹೆಬ್ಬಾಳದ ಸಂಸ್ಥೆ, ಎನ್‌ಬಿಎಐಆರ್. ಬಳ್ಳಾರಿ ರಸ್ತೆಯಲ್ಲಿ ಬಸ್ಸಲ್ಲಿ ಹೋಗುವಾಗ ಅದರ ಮುಂದೆಯೇ ಹೋಗ್ತೀವಿ, ಬೋರ್ಡ್ ನೋಡಲ್ಲ ಅಷ್ಟೇ. ಕೃಷಿಗೆ ಸಂಬಂಧಪಟ್ಟ ಕೀಟಗಳಿಗಂತಾನೇ ಇರೋ ರಾಷ್ಟ್ರೀಯ ಸಂಸ್ಥೆ ಅದು.

ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿನ್ನೋ ಈ ಹುಳಕ್ಕೆ ಔಷಧಿ ಸಲೀಸಾಗಿ ತಾಗಲ್ಲ. ಹಾಗಾದ್ರೆ ಇದನ್ನ ತಿನ್ನೋರು ಯಾರಿದಾರೆ ಅಂತ ಶಿವಮೊಗ್ಗದ ಕೃಷಿ ವಿಜ್ಞಾನಿಗಳು ಹೊಲದಲ್ಲಿ ಹುಡುಕಿದ್ರು. ಸಿಕ್ಕ ಪಟ್ಟಿಯಲ್ಲಿ ಸಣ್ಣ ಕಣಜಗಳಿದ್ವು, ಒಂದು ಶಿಲೀಂಧ್ರ ಇತ್ತು, ಗುಲಗಂಜಿ ಹುಳ ಇತ್ತು. ಜೊತೆಗೆ ಫೋರ್ಫಿಕುಲಾ, ಅಂದ್ರೆ ನಮ್ಮ ಇಕ್ಕಳದ ಹುಳದ ಜಾತಿ. ಸುಳಿಯ ಸಂದಿ ಅದಕ್ಕೆ ಮನೆ ಇದ್ದ ಹಾಗೆ. ಬ್ರೆಜಿಲ್‌ನಲ್ಲಿ ಇದರ ಇನ್ನೊಂದು ಜಾತಿ, ಡೋರು ಲೂಟಿಪೆಸ್, ಅದೇ ಸೈನಿಕ ಹುಳದ ಮೊಟ್ಟೆ ತಿನ್ನೋದಕ್ಕೆ ಹೆಸರುವಾಸಿ. ಫಿಲಿಪ್ಪೀನ್ಸ್‌ನಲ್ಲಿ ಜೋಳದ ಕಾಂಡಕೊರಕಕ್ಕೆ ಅಂತ ಇಯರ್‌ವಿಗ್‌ಗಳನ್ನ ಸಾಕಿ ಹೊಲಕ್ಕೆ ಬಿಡ್ತಾರೆ. ಯುರೋಪಿನ ಸೇಬಿನ ತೋಟಗಳಲ್ಲಿ ಹೂಕುಂಡಕ್ಕೆ ಹುಲ್ಲು ತುಂಬಿ ಮರಕ್ಕೆ ತಲೆಕೆಳಗೆ ನೇತುಹಾಕ್ತಾರೆ, ಹಗಲು ಇಕ್ಕಳದ ಹುಳ ಅಲ್ಲಿ ಮಲಗಿ ರಾತ್ರಿ ಸಸ್ಯಹೇನು ತಿನ್ನಲಿ ಅಂತ.

ಅಲ್ಲಿ ಮನೆ ಕಟ್ಟಿಕೊಡ್ತಾರೆ. ಇಲ್ಲಿ ನಾನು ಹರಳು ಹಾಕಿ ಕೊಂದೆ. ಅದೇ ವರ್ಷ ನವೆಂಬರ್‌ನಲ್ಲಿ ಅಜ್ಜಿಯ ಅವರೆಗೆ ಈ ಫೋಟೋದಲ್ಲಿರೋ ಹಾಗೆ ಹೇನು ಮೆತ್ತಿತು. ಹೇನು ಬರೋಕೆ ನೂರು ಕಾರಣ ಇರುತ್ತೆ, ನಾನು ಕೊಂದಿದ್ದಕ್ಕೇ ಬಂತು ಅಂತ ಹೇಳ್ತಿಲ್ಲ. ಆದ್ರೆ ರಾತ್ರಿ ಪಾಳಿಯವರನ್ನ ನಾನೇ ಓಡಿಸಿದ್ದೆ ಅನ್ನೋದು ಮಾತ್ರ ಸತ್ಯ. ಸೊನೆ ಅವರೆ ಸೀಸನ್‌ಗೆ ಕೊನೆಗೂ ಮಾರ್ಕೆಟ್‌ನಿಂದಲೇ ತಂದಿದ್ದು.

ಭಾಗ 7/10 (ಇದನ್ನ ಸೇವ್ ಮಾಡ್ಕೊಳ್ಳಿ)
ಫೋಟೋ: ಒದ್ದೆ ಪೇಪರ್ ಸುರುಳಿ, ಪಕ್ಕದಲ್ಲಿ ತೆಂಗಿನ ಚಿಪ್ಪು.

ಟಾರ್ಚ್ ಹಿಡಿದು ನೋಡಿದ್ರಿ. ಸಸಿ ತಿಂತಿರೋದು ಇಕ್ಕಳದ ಹುಳವೇ ಅಂತ ಖಚಿತ ಆಯ್ತು. ಈಗ ಹೀಗೆ ಮಾಡಿ, ಇದೇ ಕ್ರಮದಲ್ಲಿ.

ಒಂದು, ಅಡಗೋ ಜಾಗ ತೆಗೀರಿ. ಸಸಿ ಇರೋ ಬ್ಯಾಗ್ ಸುತ್ತ ಒಂದಡಿ ಜಾಗದಲ್ಲಿ ಇಟ್ಟಿಗೆ, ಖಾಲಿ ಪಾಟ್, ಗೋಣಿ, ಒಣ ಎಲೆ ಇರಬಾರದು. ಬ್ಯಾಗ್ ನೆಲಕ್ಕೆ ಅಂಟಿರಬಾರದು, ಕೆಳಗೆ ಗಾಳಿ ಆಡಲಿ. ಹೊದಿಕೆ ಎಲೆಗಳನ್ನ ಸಸಿ ದೊಡ್ಡದಾದ ಮೇಲೆ ಹಾಕಿ.

ಎರಡು, ನೀರು ಬೆಳಗ್ಗೆ ಹಾಕಿ. ಸಂಜೆ ಹಾಕಿದ್ರೆ ರಾತ್ರಿ ಪೂರ್ತಿ ಮೇಲ್ಮಣ್ಣು ಒದ್ದೆ. ಅದು ಇಕ್ಕಳದ ಹುಳಕ್ಕೂ ಬಸವನಹುಳಕ್ಕೂ ಆಮಂತ್ರಣ ಪತ್ರಿಕೆ.

ಮೂರು, ಸಸಿ ಟ್ರೇನ ಸ್ಟೂಲ್ ಮೇಲಿಟ್ಟು ಸ್ಟೂಲಿನ ಕಾಲುಗಳನ್ನ ನೀರಿನ ಬಟ್ಟಲಲ್ಲಿಡಿ. ಹಳೇ ಮನೆಗಳಲ್ಲಿ ಇರುವೆ ಬರದೇ ಇರಲಿ ಅಂತ ತಿಂಡಿ ಬೀರುವಿಗೆ ಮಾಡ್ತಿದ್ರಲ್ಲ, ಅದೇ ಉಪಾಯ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಾಯ್ಸಿ, ಡೆಂಗಿ ಸೊಳ್ಳೆ ಸಾಕಬೇಡಿ.

ನಾಲ್ಕು, ಪೇಪರ್ ಸುರುಳಿ. ಹಳೇ ದಿನಪತ್ರಿಕೆಯನ್ನ ಸಡಿಲವಾಗಿ ಸುತ್ತಿ, ಸ್ವಲ್ಪ ಒದ್ದೆ ಮಾಡಿ, ಸಂಜೆ ಸಸಿ ಪಕ್ಕ ಮಣ್ಣ ಮೇಲಿಡಿ. ತಿಂದು ಮುಗಿಸಿದ ಹುಳ ಬೆಳಗಾಗೋ ಹೊತ್ತಿಗೆ ಮಲಗೋಕೆ ಅದರೊಳಗೆ ಸೇರುತ್ತೆ. ಬಿಸಿಲು ಬರೋ ಮುಂಚೆ ಸುರುಳಿ ಎತ್ತಿ ಬಕೆಟ್ಟಿಗೆ ಕೊಡವಿ. ಬಿದಿರಿನ ತುಂಡು, ಹಳೇ ನೀರಿನ ಪೈಪ್ ತುಂಡೂ ನಡೆಯುತ್ತೆ. ದಿನಾ ಎಣಿಸಿ ಬರೆದಿಡಿ. ಸಂಖ್ಯೆ ಇಳೀತಿದೆ ಅಂದ್ರೆ ಸಾಕು.

ಬಕೆಟ್ಟಲ್ಲಿ ಸಿಕ್ಕವನ್ನ ಏನು ಮಾಡೋದು? ನಾನು ತಾರಸಿಯ ಇನ್ನೊಂದು ತುದಿಗೆ, ಹೇನು ಹತ್ತಿರೋ ದೊಡ್ಡ ಗಿಡಗಳ ಬುಡಕ್ಕೆ ಬಿಡ್ತೀನಿ. ಇಲ್ಲಾಂದ್ರೆ ಕಾಂಪೋಸ್ಟ್ ಡಬ್ಬ.

ಐದು, ಎಣ್ಣೆ ಚಿಪ್ಪು. ಇದು ಕೊಲ್ಲೋ ವಿಧಾನ, ಕೊನೆಯ ದಾರಿ. ತೆಂಗಿನ ಚಿಪ್ಪನ್ನ ಅಂಚು ಮಣ್ಣಿನ ಮಟ್ಟಕ್ಕೆ ಬರೋ ಹಾಗೆ ಹೂತು, ಅರ್ಧ ಇಂಚು ಅಡುಗೆ ಎಣ್ಣೆ, ಮೇಲೆ ಎರಡು ತೊಟ್ಟು ಸೋಯಾ ಸಾಸ್ ಹಾಕಿ. ವಾಸನೆಗೆ ಬಂದು ಬೀಳ್ತವೆ. ಸುರುಳಿಯಲ್ಲಿ ವಾರ ಆದ್ರೂ ಸಂಖ್ಯೆ ಇಳಿದಿಲ್ಲ, ಸಸಿ ಹೋಗ್ತಾನೇ ಇದೆ ಅಂದಾಗ ಮಾತ್ರ.

ಸಸಿಗೆ ಎಂಟು ಹತ್ತು ಎಲೆ ಬಂದು ಕಾಂಡ ಗಟ್ಟಿ ಆದ್ಮೇಲೆ ಎಲ್ಲಾ ನಿಲ್ಲಿಸಿ.

ಭಾಗ 8/10
ಫೋಟೋ: ಸೋಪಿನ ನೀರು ಹೊಡೆದು ಸುಟ್ಟ ಬಸಳೆ ಎಲೆ. ಹೌದು, ಇದೂ ನಾನೇ.

ಈಗ ಸ್ವಲ್ಪ ಜಗಳದ ವಿಷಯ. "ಆರ್ಗ್ಯಾನಿಕ್" ಅಂತ ಹೆಸರಿಟ್ಟು ಓಡ್ತಿರೋ ರೀಲ್ಸ್ ಬಗ್ಗೆ. ಮೂವತ್ತು ಸೆಕೆಂಡಲ್ಲಿ ಎಲ್ಲಾ ಹುಳ ಮಾಯ ಅಂತಾರೆ. ಯಾವ ಹುಳ ಅಂತ ಯಾರೂ ಕೇಳಲ್ಲ.

ಪಾತ್ರೆ ತೊಳೆಯೋ ಸೋಪು, ವಿನೆಗರ್, ಮೆಣಸಿನಪುಡಿ ಕಲಸಿ ಗಿಡಕ್ಕೆ ಹೊಡಿಯೋದು ಒಂದು. ಇಕ್ಕಳದ ಹುಳ ಹಗಲೆಲ್ಲ ಸಂದಿಯಲ್ಲಿರುತ್ತೆ, ನೀವು ಎಲೆಗೆ ಹೊಡೀತೀರ. ಹುಳ ಆರಾಮಾಗಿದೆ, ಎಲೆ ಸುಟ್ಟೋಯ್ತು, ಹೇನು ತಿನ್ನೋಕೆ ಬಂದಿದ್ದ ಗುಲಗಂಜಿ ಹುಳದ ಮರಿ ಸತ್ತೋಯ್ತು. ಬೇವಿನೆಣ್ಣೆ ಕೆಟ್ಟದು ಅಂತಲ್ಲ, ಹೇನಿಗೆ ನಾನೂ ಬಳಸ್ತೀನಿ. ಆದ್ರೆ ಈ ಹುಳದ ವಿಷಯದಲ್ಲಿ ಅದು ಎಣ್ಣೆ ದಂಡ.

ಡಯಾಟಮ್ ಪುಡಿ ಅಂತ ಆನ್‌ಲೈನಲ್ಲಿ ಮಾರ್ತಾರೆ. ಒಣಗಿದ್ದಾಗ ಹುಳದ ಮೈ ಗೀಚಿ ಒಣಗಿಸುತ್ತೆ. ಒದ್ದೆ ಆದ್ರೆ ಕೆಲಸ ಮಾಡಲ್ಲ. ಇಕ್ಕಳದ ಹುಳ ಜಾಸ್ತಿ ಆಗೋದೇ ಮಳೆಗಾಲದಲ್ಲಿ, ಬೆಂಗಳೂರಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಸಂಜೆ ಮಳೆ ಬರುತ್ತೆ ಅಂತ ಹೇಳೋಕಾಗಲ್ಲ. ದುಡ್ಡು ಚರಂಡಿಗೆ. ಅದರ ಧೂಳು ಮೂಗಿಗೂ ಒಳ್ಳೇದಲ್ಲ. ಸಿಕ್ಕಿದ ಹುಳನೆಲ್ಲ ಕೊಲ್ಲುತ್ತೆ, ಒಳ್ಳೇದು ಕೆಟ್ಟದು ನೋಡಲ್ಲ.

ಬಸವನಹುಳಕ್ಕೆ ಉಪ್ಪು ಸುರೀಬೇಡಿ, ಮಣ್ಣು ಹಾಳು. ಕೈಯಲ್ಲಿ ಕವರ್ ಹಾಕ್ಕೊಂಡು ಆರಿಸಿ. ಇರುವೆ ಚಾಕ್‌ನಲ್ಲಿ ಪಾಟ್ ಸುತ್ತ ಗೆರೆ ಎಳೆಯೋದು ಆರ್ಗ್ಯಾನಿಕ್ ಅಲ್ಲವೇ ಅಲ್ಲ. ಅದರಲ್ಲಿ ಸಾಮಾನ್ಯವಾಗಿ ಪೈರಿಥ್ರಾಯ್ಡ್ ಅನ್ನೋ ಕೀಟನಾಶಕ ಇರುತ್ತೆ. ತಿನ್ನೋ ಸೊಪ್ಪಿನ ಪಕ್ಕ ಅದು ಬೇಡ.

ನನ್ನ ಮಾತು ಇಷ್ಟೇ. ಹೆಸರು ನೋಡದೆ, ಯಾವ ಹುಳ ಅಂತ ತಿಳಿಯದೆ, ಕಂಡಿದ್ದನ್ನೆಲ್ಲ ಕೊಲ್ಲೋದಾದ್ರೆ ಕೈಯಲ್ಲಿರೋದು ಬೇವಾದ್ರೇನು, ಹರಳಾದ್ರೇನು? ಹರಳಿನಷ್ಟು ಅಪಾಯ ಬೇವಿನಲ್ಲಿ ಇಲ್ಲ ನಿಜ. ಅಭ್ಯಾಸ ಮಾತ್ರ ಎರಡರಲ್ಲೂ ಒಂದೇ.

ಭಾಗ 9/10
ಫೋಟೋ: ಮಧ್ಯರಾತ್ರಿ, ಚೆಂಡುಹೂವಿನ ದಳದ ಮಧ್ಯೆ ಇಕ್ಕಳದ ಹುಳ. ಈ ಸಲ ನಿಜವಾಗ್ಲೂ ತಿಂತಿದೆ.

"ಹಾಗಾದ್ರೆ ಇದು ದೇವತೆನಾ? ನಮ್ಮನೇಲಿ ಹೂ ಪೂರ್ತಿ ತಿಂದಾಕಿದೆ" ಅಂತ ಒಬ್ಬರು ಬರೆದಿದ್ರು. ನ್ಯಾಯವಾದ ಮಾತು. ದೇವತೆ ಅಲ್ಲ. ಈ ಫೋಟೋನೇ ಸಾಕ್ಷಿ. ಎಳೇ ಸಸಿ, ಡೇಲಿಯಾ, ಚೆಂಡುಹೂವಿನ ದಳ, ಸ್ಟ್ರಾಬೆರಿ ಥರ ಮೆತ್ತಗಿನ ಹಣ್ಣು, ಇವನ್ನ ತಿನ್ನುತ್ತೆ. ಸಂಖ್ಯೆ ಜಾಸ್ತಿ ಆದ್ರೆ ನಷ್ಟ ನಿಜ. ಹೂವನ್ನೇ ಮಾರಿ ಬದುಕೋ ರೈತರಿಗೆ ತಿಂದ ದಳ ಅಂದ್ರೆ ಕಡಿಮೆ ರೇಟು. ಅವರಿಗೆ ನಾನು ತಾರಸಿಯಿಂದ ಪಾಠ ಹೇಳೋಕೆ ಹೋಗಲ್ಲ.

ಆದ್ರೆ ನಾವು ಹೂವು ಮಾರಿ ಬದುಕ್ತಿಲ್ಲ. ನಾಲ್ಕು ದಳ ತಿಂದ್ರೆ ಹಾರಕ್ಕೆ ಕಟ್ಟುವಾಗ ಆ ಕಡೆ ಒಳಗೆ ತಿರುಗಿಸಿ ಕಟ್ಟಬಹುದು. ನಮಗೆ ತಾಳ್ಮೆ ಇಟ್ಕೊಳ್ಳೋ ಅನುಕೂಲ ಇದೆ, ಅದನ್ನ ಬಳಸೋಣ ಅಂತ ನಾನು ಹೇಳೋದು. ಹೂವು ಉಳಿಸಬೇಕು ಅಂದ್ರೆ ಬೆಳಗ್ಗೆ ಹೂ ಕೀಳುವಾಗ ಬಕೆಟ್ ಮೇಲೆ ಒಂದ್ಸಲ ಕೊಡವಿ, ದಳದ ಮಧ್ಯೆ ಮಲಗಿರೋವು ಬೀಳ್ತವೆ.

ಇನ್ನೊಬ್ಬರು ಕೇಳಿದ್ದು, "ರಾತ್ರಿ ಟಾರ್ಚ್, ಬೆಳಗ್ಗೆ ಸುರುಳಿ, ಎಣಿಸೋದು, ಇಷ್ಟೆಲ್ಲ ಯಾರಿಗೆ ಟೈಮ್ ಇದೆ?" ಲೆಕ್ಕ ಹಾಕಿ. ವರ್ಷಕ್ಕೆ ಎರಡು ಮೂರು ಸಲ ಸಸಿ ಹಾಕೋದು. ಒಂದೊಂದು ಸಲಕ್ಕೆ ಎರಡು ಮೂರು ವಾರ, ದಿನಕ್ಕೆ ಹತ್ತು ನಿಮಿಷ. ನಾನು ಹರಳು ಹಾಕಿದ ಮೇಲೆ ಆರು ಬ್ಯಾಗಿನ ಮಣ್ಣು ಇಳಿಸಿ, ಹೊಸ ಮಣ್ಣು ಹತ್ತಿಸೋಕೆ ಎರಡು ಭಾನುವಾರ ಹೋಯ್ತು, ಬೆನ್ನು ಹೋಯ್ತು, ದುಡ್ಡೂ ಹೋಯ್ತು.

"ಮನೆಯೊಳಗೆ ಬಂದ್ರೆ?" ಬಾತ್‌ರೂಮಿಗೆ, ಬಾಗಿಲ ಸಂದಿಗೆ ಬರುತ್ತೆ, ತೇವ ಇದೆ ಅಂತ. ಪೊರಕೆ, ಮೊರ, ಹೊರಗೆ. ಒಳಗೆ ಅದು ಹೆಚ್ಚು ದಿನ ಬದುಕಲ್ಲ, ಯಾರಿಗೂ ಏನೂ ಮಾಡಲ್ಲ. ಬಾಗಿಲ ಬುಡದ ಪಾಟ್ ಸರಿಸಿ, ಲೈಟ್ ಆರಿಸಿ, ಅಷ್ಟು ಸಾಕು.

ಭಾಗ 10/10
ಫೋಟೋ: ಈ ವರ್ಷದ ದಂಟು. ಹಿಂದೆ ಕಾಣ್ತಿರೋದು ಅಜ್ಜಿ ಕೈ.

ಈ ವರ್ಷದ ಲೆಕ್ಕ ಹೇಳಿ ಮುಗಿಸ್ತೀನಿ. ಚೆಂಡುಹೂವಿನ ಟ್ರೇ ಸ್ಟೂಲ್ ಮೇಲೆ, ಕಾಲು ನೀರಲ್ಲಿ. ಬ್ಯಾಗಿಗೆ ಇಟ್ಟ ಮೇಲೆ ಸುರುಳಿ. ಮೊದಲ ಬೆಳಗ್ಗೆ ಹದಿನಾಲ್ಕು ಇಕ್ಕಳದ ಹುಳ ಸಿಕ್ತು, ವಾರದ ಕೊನೆಗೆ ಮೂರು. ಎಲ್ಲವನ್ನೂ ಅವರೆ ಬ್ಯಾಗ್ ಪಕ್ಕದ ಇಟ್ಟಿಗೆ ಸಾಲಿಗೆ ಬಿಟ್ಟೆ. ಎಣ್ಣೆ ಚಿಪ್ಪು ಒಂದೂ ಇಡಲಿಲ್ಲ. ಎರಡು ಸಸಿ ಹೋದವು, ಒಂದು ಬಸವನಹುಳಕ್ಕೆ, ಒಂದು ನನ್ನ ಕಾಲಿಗೆ.

ಅಜ್ಜಿ ಮತ್ತೆ ದಂಟು ಹಾಕಿದಾರೆ. ಹೋದ ವರ್ಷದ ಆ ಜಾಗದಲ್ಲಿ ಹಾಕಲಿಲ್ಲ, ನೀರು ಹರಿಯೋ ಕಡೆಯಿಂದ ದೂರ, ಟ್ಯಾಂಕ್ ಪಕ್ಕಕ್ಕೆ ಸರಿಸಿದಾರೆ. ಯಾಕೆ ಅಂತ ನಾನು ಕೇಳಲಿಲ್ಲ. ಮೊನ್ನೆ ನಾನು ಬೇವಿನೆಣ್ಣೆ ಬಾಟಲಿ ಹಿಡಿದು ಮೇಲೆ ಹೋದಾಗ, "ಅದೇನದು, ತೋರ್ಸು" ಅಂತ ಕೈಗೆ ತಗೊಂಡು ಚೀಟಿ ಪೂರ್ತಿ ಓದಿ ವಾಪಸ್ ಕೊಟ್ಟರು. ಅದನ್ನ ಹೋದ ವರ್ಷ ನಾನು ಮಾಡಿದ್ರೆ ಸಾಕಿತ್ತು.

ನಿಮ್ಮಲ್ಲಿ ಸುಮಾರು ಜನರ ಮನೇಲಿ ಅಮ್ಮನೋ ಅಜ್ಜಿನೋ ತಾರಸಿ ಮೇಲೆ ಸೊಪ್ಪು ಬೆಳೀತಿದಾರೆ, ಗೊತ್ತು ನನಗೆ. ಅಂಗಡಿಗೆ ಹೋಗಿ ಔಷಧಿ ತರೋ ಕೆಲಸ ಮಾತ್ರ ನಮಗೆ ಬೀಳುತ್ತೆ. ಅವರು ಆ ಸೊಪ್ಪನ್ನ ನಮ್ಮ ತಟ್ಟೆಗೇ ಹಾಕೋದು. ಆದ್ದರಿಂದ ತರೋದು ಏನು ಅಂತ ತಿಳ್ಕೊಂಡು ತನ್ನಿ. ಅದಕ್ಕೂ ಮುಂಚೆ, ತರೋದು ಬೇಕಾ ಅಂತ ಒಂದು ರಾತ್ರಿ ನೋಡಿ.

ಹುಳ ಯಾವುದು ಅಂತ ಗೊತ್ತಾಗದಿದ್ರೆ ರಾತ್ರಿ ತೆಗೆದ ಫೋಟೋ ನನಗೆ ಕಳಿಸಿ, ಒಟ್ಟಿಗೆ ಹುಡುಕೋಣ. ನವೆಂಬರ್ ಹೊತ್ತಿಗೆ ಜಿಕೆವಿಕೆಯಲ್ಲಿ ಕೃಷಿ ಮೇಳ ಆಗುತ್ತೆ, ತಣಿಸಂದ್ರದಿಂದ ಜಕ್ಕೂರು ದಾಟಿದ್ರೆ ಅದೇ. ಕೀಟಶಾಸ್ತ್ರದವರನ್ನ ಹುಡುಕಿ ಕೇಳೋಣ, ಕ್ಲಾಸಿಂದ ಯಾರ್ ಯಾರು ಬರ್ತೀರ ಹೇಳಿ.

ಇವತ್ತು ರಾತ್ರಿ ಹತ್ತು ಗಂಟೆ ಮೇಲೆ ನಿಮ್ಮನೆ ಪಾಟ್‌ಗಳನ್ನ ನೋಡಿ. ಏನೇನು ಸಿಕ್ತು, ಎಷ್ಟು ಸಿಕ್ತು, ಕಾಮೆಂಟಲ್ಲಿ ಬರೀರಿ. ಬೆಳಗ್ಗೆ ಎಲ್ಲಾ ಓದ್ತೀನಿ.

#ತಣಿಸಂದ್ರ #ತಾರಸಿತೋಟ #ಇಕ್ಕಳದಹುಳ #ಟಾರ್ಚ್‌ಹಿಡೀರಿ #ಅಜ್ಜಿಯದಂಟು